ಮುದ್ದೆಮಾಲು ನಂಬರ್ ಐದು

ನೀಲಾವತಿಗೆ ಎರಡು ವಿಷಯದಲ್ಲಿ ಹೆಮ್ಮೆ ಇತ್ತು. ಒಂದು, ಅವಳು ಮಾರಿದ ಮೊಟ್ಟೆಗಳಲ್ಲಿ ಇಷ್ಟು ವರ್ಷಗಳಲ್ಲಿ ಒಂದೂ ಹಾಳಾದದ್ದು ಬಂದಿರಲಿಲ್ಲ. ಇನ್ನೊಂದು, ಅವಳ ಮನೆಯವರು ಯಾರೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ. ಮೊದಲನೆಯ ಹೆಮ್ಮೆ ಈಗಲೂ ಉಳಿದಿದೆ.

ವೇಣೂರಿನಿಂದ ಮೂಡಬಿದಿರೆಗೆ ಹೋಗುವ ದಾರಿಯಲ್ಲಿ ಕೊಡಂಗೆಬೆಟ್ಟು ಎಂಬಲ್ಲಿ ಅವಳ ಮನೆ. ಮನೆಗಿಂತ ಕೋಳಿಗೂಡು ದೊಡ್ಡದು. ಐವತ್ತಾರು ವರ್ಷದ ಹೆಂಗಸು ನಲ್ವತ್ತು ಊರಕೋಳಿ ಸಾಕಿಕೊಂಡು, ವಾರಕ್ಕೆ ಎರಡು ಸಲ ಬುಟ್ಟಿಗೆ ಹುಲ್ಲು ಹಾಸಿ ಮೊಟ್ಟೆ ಜೋಡಿಸಿ ಬಸ್ಸು ಹತ್ತುತ್ತಿದ್ದಳು. ಅರ್ಧ ವೇಣೂರಿನ ಯಾಕೂಬನ ಅಂಗಡಿಗೆ, ಅರ್ಧ ಮೂಡಬಿದಿರೆಯ ಮನೆಗಳಿಗೆ. ಅವಳು ಹತ್ತಿದ ಮೇಲೆ ಡ್ರೈವರುಗಳು ಹೊಂಡ ತಪ್ಪಿಸಿ ಓಡಿಸುತ್ತಿದ್ದರು. ಹೊಂಡಕ್ಕೆ ಬಿದ್ದರೆ ಹಿಂದಿನಿಂದ ಬರುವ ಮಾತು ಅವರಿಗೆ ಗೊತ್ತಿತ್ತು.

ಗಂಡ ಚಿನ್ನಯ್ಯ ಗೇರುಬೀಜದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೀಜ ಹುರಿದು ನಿವೃತ್ತನಾದವನು. ಮಾತು ಕಡಿಮೆ. ಮನೆಯಲ್ಲಿ ಆಡಬೇಕಾದ ಮಾತನ್ನೆಲ್ಲ ಹೆಂಡತಿಯೇ ಆಡುತ್ತಿದ್ದುದರಿಂದ ಅವನಿಗೆ ಅದರ ಅಗತ್ಯವೂ ಬೀಳುತ್ತಿರಲಿಲ್ಲ. ಕುಡಿಯುವ ಚಟ ಇಲ್ಲ, ಬೀಡಿ ಇಲ್ಲ. ಇದ್ದದ್ದು ಒಂದೇ ಬಲಹೀನತೆ, ಕೋಳಿ ಅಂಕ. ಹುಂಜಗಳ ಕಾಲಿಗೆ ಬೆರಳುದ್ದದ ಬಾಳು, ಅಂದರೆ ಹರಿತ ಚೂರಿ, ಕಟ್ಟಿ ಎದುರುಬದುರು ಬಿಟ್ಟು, ಯಾವುದು ಮೊದಲು ಬೀಳುತ್ತದೆ ಎಂದು ನೋಡುವ ಆಟವನ್ನು ಅವನು ಚಿಕ್ಕಂದಿನಿಂದ ನೋಡಿಕೊಂಡು ಬಂದವನು. ನೀಲಾವತಿ ಅದನ್ನು ಮದುವೆಯಾದ ವರ್ಷವೇ ನಿಲ್ಲಿಸಿದ್ದಳು, ಅಥವಾ ನಿಲ್ಲಿಸಿದ್ದೇನೆಂದು ತಿಳಿದಿದ್ದಳು.

"ಸಾರಿಗೆ ಕೊಯ್ಯುವುದು ಬೇರೆ, ಆಟಕ್ಕೆ ಕೊಯ್ಯುವುದು ಬೇರೆ" ಎನ್ನುತ್ತಿದ್ದಳು. "ಸಾರಿಗಾದ್ರೆ ಕೋಳಿಗೂ ಗೊತ್ತಾಗುವ ಮೊದಲು ಮುಗೀತದೆ."

ಆ ವರ್ಷ ಫೆಬ್ರವರಿಯ ಒಂದು ಭಾನುವಾರ ಚಿನ್ನಯ್ಯ ಕಪ್ಪು ಹುಂಜವನ್ನು ಚೀಲಕ್ಕೆ ಹಾಕಿಕೊಂಡು ಹೊರಟ. ಅದು ಮರಿಯಾಗಿದ್ದಾಗ ಮುಂಗುಸಿಯ ಬಾಯಿಂದ ನೀಲಾವತಿ ಬಿಡಿಸಿಕೊಂಡದ್ದು. ಎಡಗಾಲಿನ ಒಂದು ಬೆರಳು ಮುಂಗುಸಿಗೇ ಹೋಗಿತ್ತು. ಕೋಳಿ ಮಂಕಾಗಿದೆ, ದನದ ಆಸ್ಪತ್ರೆಗೆ ತೋರಿಸಿಕೊಂಡು ಬರುತ್ತೇನೆ ಎಂದ. ಅವಳು ಮೊಟ್ಟೆ ಒರೆಸುತ್ತಿದ್ದವಳು ತಲೆಯೆತ್ತದೆ ಹೂಂ ಎಂದಳು. ಭಾನುವಾರ ಆಸ್ಪತ್ರೆಗೆ ರಜೆ ಎಂಬುದು ನೆನಪಾಗುವಷ್ಟರಲ್ಲಿ ಅವನು ತಿರುವು ದಾಟಿಯಾಗಿತ್ತು.

ಅಂಕ ನಡೆದದ್ದು ಕೆಂಪುಕಲ್ಲಿನ ಹಳೆಯ ಕೋರೆಯಲ್ಲಿ. ಐವತ್ತು ಅರವತ್ತು ಜನ ಸೇರಿದ್ದರು. ಪೊಲೀಸ್ ಜೀಪು ಬಂದದ್ದೇ ಓಡಲು ಆಗುವವರೆಲ್ಲ ಓಡಿದರು. ಸಿಕ್ಕಿದವರು ಎಂಟು ಜನ. ಅವರಲ್ಲಿ ಐವರಿಗೆ ಮಂಡಿನೋವು. ಒಬ್ಬ ಮಾತ್ರ ಬೇಕೆಂದೇ ನಿಂತವನು, ಎಪ್ಪತ್ತೆರಡು ವರ್ಷದ ಸುಬ್ಬಪ್ಪ. ಕೋಳಿಯ ಬಣ್ಣ ನೋಡಿ ಯಾವ ವಾರ ಯಾವ ಹೊತ್ತಿನಲ್ಲಿ ಅದು ಗೆಲ್ಲುತ್ತದೆಂದು ಹೇಳಬಲ್ಲವನೆಂಬ ಹೆಸರಿತ್ತು. ಹುಂಜವನ್ನು ಬಿಟ್ಟು ಓಡುವುದು ಮರ್ಯಾದೆಯಲ್ಲ ಎಂದು ಅದನ್ನು ತಬ್ಬಿಕೊಂಡು ನಿಂತ. ಹಾಗಾಗಿ ಒಂದನೇ ಆರೋಪಿಯಾದ. ಚಿನ್ನಯ್ಯ ಅರವತ್ತೆರಡರ ವಯಸ್ಸಿನಲ್ಲಿ ಗೋಡೆ ಹಾರಿ, ಮುಳ್ಳು ತುಳಿದು, ಗದ್ದೆಯಲ್ಲಿ ಬಿದ್ದೆದ್ದು ಮನೆ ಸೇರಿದ. ಚೀಲ ಕೋರೆಯಲ್ಲೇ ಉಳಿಯಿತು. ಚೀಲದೊಳಗೆ ಹುಂಜವೂ.

"ಕೋಳಿ ಎಲ್ಲಿ?" ಎಂದಳು ನೀಲಾವತಿ.

"ಆಸ್ಪತ್ರೆಯಲ್ಲಿ ಉಂಟು. ಅಡ್ಮಿಟ್ ಮಾಡಿದ್ರು."

"ಕೋಳಿಯನ್ನು ಅಡ್ಮಿಟ್ ಮಾಡ್ತಾರಾ?"

"ಈಗ ಮಾಡ್ತಾರಂತೆ."

ಅವಳು ಅವನ ಕಾಲಿನ ಮುಳ್ಳು ತೆಗೆದಳು. ಹೆಚ್ಚು ಕೇಳಲಿಲ್ಲ. ಕೇಳದೆ ಬಿಟ್ಟದ್ದನ್ನು ಅವಳು ಮರೆಯುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಏಳು ಹುಂಜ, ಒಂಬತ್ತು ಬಾಳು, ಒಂದು ಉಂಡೆ ನೂಲು. ಇಷ್ಟನ್ನು ಪೊಲೀಸರು ಮಹಜರು ಬರೆದು ಠಾಣೆಗೆ ತಂದರು. ಬಾಳು ಮತ್ತು ನೂಲು ಲಕೋಟೆಯಲ್ಲಿ ಸುಮ್ಮನೆ ಕೂತವು. ಹುಂಜಗಳು ಕೂರಲಿಲ್ಲ. ವೈರ್‌ಲೆಸ್ಸಿನಲ್ಲಿ ಜಿಲ್ಲೆಯಿಂದ ಬಂದ ಸಂದೇಶಕ್ಕೆಲ್ಲ ಅವೇ ಮೊದಲು ಉತ್ತರ ಕೊಟ್ಟವು. ಎರಡನೇ ದಿನ ಒಂದು ಹಗ್ಗ ಬಿಚ್ಚಿಕೊಂಡು ಇನ್ನೊಂದರ ಮೇಲೆ ಬಿತ್ತು. ಕಾಗದಪತ್ರಗಳ ಕೋಣೆಯಲ್ಲಿ, ಕಳೆದ ಐದು ವರ್ಷದ ಕಡತಗಳ ಮೇಲೆ, ಕಾಲು ಗಂಟೆ ಅಂಕ ನಡೆಯಿತು. ನೋಡಲು ನಾಲ್ಕು ಜನ ಕಾನ್‌ಸ್ಟೇಬಲರು ಇದ್ದರು. ಅದಕ್ಕೆ ಮಹಜರು ಬರೆಯಲಿಲ್ಲ. ಒಂದು ಹುಂಜದ ಕಣ್ಣು ಹೋಯಿತು.

ಸಾಮಾನ್ಯವಾಗಿ ಇಂಥ ಕೋಳಿಗಳನ್ನು ಹರಾಜು ಹಾಕುವುದು ರೂಢಿ. ಆದರೆ ಹಿಂದಿನ ಸಲ ಹರಾಜಿನಲ್ಲಿ ಕೊಂಡವರೆಲ್ಲ ಆರೋಪಿಗಳ ಭಾವಂದಿರೇ ಆಗಿದ್ದರು. ಮುಂದಿನ ಭಾನುವಾರ ಅವೇ ಕೋಳಿಗಳು ಅದೇ ಕೋರೆಯಲ್ಲಿ ಸಿಕ್ಕಿ, ಪೊಲೀಸರು ಅವುಗಳನ್ನು ಗುರುತು ಹಿಡಿದಿದ್ದರು. ಆದ್ದರಿಂದ ಈ ಸಲ ಮ್ಯಾಜಿಸ್ಟ್ರೇಟರು ಬೇರೆ ಆದೇಶ ಮಾಡಿದರು. ಕೇಸು ಮುಗಿಯುವವರೆಗೆ ಹುಂಜಗಳನ್ನು, ಕೋಳಿ ಸಾಕಿ ಅಭ್ಯಾಸವಿರುವ, ಪ್ರಕರಣಕ್ಕೆ ಯಾವ ಸಂಬಂಧವೂ ಇಲ್ಲದ ಒಬ್ಬ ಗೌರವಸ್ಥರ ವಶಕ್ಕೆ ಕೊಡತಕ್ಕದ್ದು. ಹೆಡ್ ಕಾನ್‌ಸ್ಟೇಬಲ್ ಲತೇಶ ಯೋಚಿಸಿದ. ಅವನ ಮನೆಗೆ ಮೊಟ್ಟೆ ಬರುತ್ತಿದ್ದುದು ನೀಲಾವತಿಯಿಂದ.

ಮಂಗಳವಾರ ಜೀಪು ಅಂಗಳಕ್ಕೆ ಬಂದಾಗ ಚಿನ್ನಯ್ಯ ಹಿತ್ತಲ ಕಡೆಗೆ ಹೊರಟಿದ್ದ. ಅಷ್ಟರಲ್ಲಿ ಲತೇಶ ಕೂಗಿದ.

"ಚಿನ್ನಯ್ಯಣ್ಣ, ಎಲ್ಲಿಗೆ ಹೊರಟದ್ದು? ನೀವೂ ಬೇಕು. ಸಹಿ ಉಂಟು."

ಚಿನ್ನಯ್ಯ ಅಲ್ಲೇ ನಿಂತ. ನೀಲಾವತಿ ಸೆರಗಿಗೆ ಕೈಯೊರೆಸುತ್ತ ಹೊರಬಂದಳು. ಪೊಲೀಸ್ ಜೀಪು ತನ್ನ ಅಂಗಳದಲ್ಲಿ ನಿಂತದ್ದನ್ನು ಬಸ್ಸಿನವರು ನೋಡಿದರೆ ಎಂತ ಹೇಳುವುದು ಎಂದು ಅವಳಿಗೆ ಮೊದಲು ಅನಿಸಿದ್ದು.

"ಹೆದರ್ಬೇಡಿ ನೀಲಕ್ಕ. ಕೋಳಿ ಬಿಟ್ಟು ಹೋಗ್ಲಿಕ್ಕೆ ಬಂದದ್ದು" ಎಂದು ಲತೇಶ ವಿಷಯ ವಿವರಿಸಿದ. ಕೋರ್ಟು ಗೌರವಸ್ಥರು ಎಂದು ಹೇಳಿದೆ ಎಂಬುದನ್ನು ಎರಡು ಸಲ ಹೇಳಿದ. ಅದು ಕೆಲಸ ಮಾಡಿತು.

ಒಂದೊಂದೇ ಹುಂಜವನ್ನು ಇಳಿಸಿದರು. ಕಾಲಿಗೆ ರಟ್ಟಿನ ಚೀಟಿ, ಚೀಟಿಯಲ್ಲಿ ನಂಬರು. ಕೇಸಿನಲ್ಲಿ ಹಿಡಿದ ವಸ್ತುವಿಗೆ ಪೊಲೀಸರ ಭಾಷೆಯಲ್ಲಿ ಮುದ್ದೆಮಾಲು ಎನ್ನುತ್ತಾರೆ. ಮುದ್ದೆಮಾಲು ಒಂದು, ಎರಡು, ಮೂರು, ನಾಲ್ಕು. ಐದನೆಯದನ್ನು ಇಳಿಸುತ್ತಿದ್ದ ಹಾಗೆ ಅದು ಕಾನ್‌ಸ್ಟೇಬಲನ ಕೈ ಬಿಡಿಸಿಕೊಂಡು ನೇರ ನೀಲಾವತಿಯ ಕಾಲ ಬುಡಕ್ಕೆ ಬಂದು ನಿಂತಿತು. ಕಪ್ಪು ಹುಂಜ. ಎಡಗಾಲಿನಲ್ಲಿ ಒಂದು ಬೆರಳು ಕಡಿಮೆ.

"ನಿಮ್ಮನ್ನು ನೋಡಿದ ಕೂಡಲೇ ಹೊಂದಿಕೊಂಡಿತು" ಎಂದ ಲತೇಶ. "ಅದಕ್ಕೇ ನಿಮ್ಮಲ್ಲಿಗೆ ತಂದದ್ದು."

ನೀಲಾವತಿ ಗಂಡನನ್ನು ನೋಡಿದಳು. ಗಂಡ ಹಲಸಿನ ಮರವನ್ನು ನೋಡಿದ.

ಅವಳು ಬಾಯಿ ತೆರೆದರೆ ಗಂಡ ಒಂಬತ್ತನೇ ಆರೋಪಿ. ತೆರೆಯದಿದ್ದರೆ ಅವಳದೇ ಕೋಳಿ ಸರ್ಕಾರದ್ದು. ಲತೇಶ ಮುಚ್ಚಳಿಕೆ ಓದಿದ: ಸದರಿ ಏಳು ಹುಂಜಗಳನ್ನು ಜೀವಂತವಾಗಿ, ಇದ್ದ ಸ್ಥಿತಿಯಲ್ಲಿಯೇ, ಕರೆದಾಗಲೆಲ್ಲ ಹಾಜರುಪಡಿಸುತ್ತೇನೆ, ಪ್ರಕರಣದ ಯಾವುದೇ ವ್ಯಕ್ತಿಯೊಂದಿಗೆ ನನಗೆ ಸಂಬಂಧವಿರುವುದಿಲ್ಲ. ನೀಲಾವತಿ ಸಹಿ ಹಾಕಿದಳು. ಜಾಮೀನುದಾರನ ಜಾಗದಲ್ಲಿ ಚಿನ್ನಯ್ಯ ಹಾಕಿದ. ಅವನ ಸಹಿ ಗೆರೆ ತಪ್ಪಿ ಕೆಳಗಿಳಿದದ್ದನ್ನು ನೋಡಿ ಲತೇಶ, ವಯಸ್ಸಾದವರಿಗೆ ತೊಂದರೆ ಕೊಟ್ಟೆ ಎಂದು ನೊಂದುಕೊಂಡ.

ಜೀಪು ಹೋದ ಮೇಲೆ ನೀಲಾವತಿ ಕಪ್ಪು ಹುಂಜವನ್ನು ಎತ್ತಿಕೊಂಡು ಮೈಯೆಲ್ಲ ಮುಟ್ಟಿ ನೋಡಿದಳು. ಗಾಯ ಇರಲಿಲ್ಲ. ಅದರ ಸರದಿ ಬರುವ ಮೊದಲೇ ಪೊಲೀಸರು ಬಂದಿದ್ದರು.

"ಡಿಸ್ಚಾರ್ಜ್ ಆಯ್ತಾ?" ಎಂದು ಕೇಳಿದಳು.

ಚಿನ್ನಯ್ಯ ಕೋಳಿಗೆ ನೀರು ತರಲು ಹೋದ. ಆ ರಾತ್ರಿ ಅವನಿಗೆ ಗಂಜಿ ಸಿಕ್ಕಿತು, ಉಪ್ಪಿನಕಾಯಿ ಸಿಗಲಿಲ್ಲ.

ಕೇಸು ಎಂದರೆ ಒಂದೆರಡು ತಿಂಗಳು ಎಂದು ನೀಲಾವತಿ ಲೆಕ್ಕ ಹಾಕಿದ್ದಳು. ಮೊದಲ ವಾಯಿದೆಗೆ ಸಾಕ್ಷಿ ಬರಲಿಲ್ಲ. ಎರಡನೆಯದಕ್ಕೆ ಸಾಕ್ಷಿ ಬಂದ, ವಕೀಲರು ಬರಲಿಲ್ಲ. ಮೂರನೆಯದಕ್ಕೆ ಇಬ್ಬರೂ ಬಂದರು. ಅವತ್ತು ಏನೋ ರಜೆ ಘೋಷಣೆಯಾಯಿತು. ಅಷ್ಟೂ ದಿನ ಏಳು ಹುಂಜಗಳು ಅವಳ ಅಂಗಳದ ಏಳು ಗೂಟಗಳಲ್ಲಿ ಇದ್ದವು. ಗೂಡಿಗೆ ಹಾಕುವಂತಿಲ್ಲ, ಹೇಂಟೆಗಳು ಬೆದರಿ ಮೊಟ್ಟೆ ಇಡುವುದನ್ನೇ ನಿಲ್ಲಿಸುತ್ತಿದ್ದವು. ಒಟ್ಟಿಗೆ ಬಿಡುವಂತಿಲ್ಲ, ಒಂದರ ಕತ್ತನ್ನು ಒಂದು ಸೀಳುತ್ತಿದ್ದವು. ಗಿಡ್ಡ ಹಗ್ಗ ಕಟ್ಟಿ, ಒಂದರ ಕೊಕ್ಕು ಇನ್ನೊಂದಕ್ಕೆ ತಾಗದ ಹಾಗೆ ಗೂಟ ಬಡಿದಳು. ಅವುಗಳ ತಿಂಡಿಗೆ ಸರ್ಕಾರದಲ್ಲಿ ವ್ಯವಸ್ಥೆ ಉಂಟೇ ಎಂದು ಲತೇಶನನ್ನು ಕೇಳಿದಳು. ಕೇಳಿ ಹೇಳುತ್ತೇನೆ ಎಂದ. ಇನ್ನೂ ಕೇಳುತ್ತಿದ್ದಾನೆ.

ವ್ಯವಸ್ಥೆ ಮಾಡಿದವರು ಆರೋಪಿಗಳು. ಜಾಮೀನಿನ ಮೇಲೆ ಹೊರಬಂದ ಸುಬ್ಬಪ್ಪ ಮೂರನೇ ದಿನವೇ ಗೇಟಿನ ಹತ್ತಿರ ಬಂದು ಚಪ್ಪಲಿ ಬಿಟ್ಟು ನಿಂತ. ಕೈಯಲ್ಲಿ ನೆನೆಸಿದ ಕಡಲೆ, ಬೇಯಿಸಿದ ಮೊಟ್ಟೆ, ಸಣ್ಣ ಬಾಟಲಿಯಲ್ಲಿ ಎಣ್ಣೆ.

"ಒಮ್ಮೆ ನೋಡಿ ಹೋಗ್ತೇನೆ ನೀಲಕ್ಕ. ಮುಟ್ಟುವುದಿಲ್ಲ. ಕಾಲಿಗೆ ಸ್ವಲ್ಪ ಎಣ್ಣೆ ತಿಕ್ಕಬೇಕಿತ್ತು, ಅದನ್ನು ನೀವೇ ಮಾಡಿ."

"ನೀವು ಬರ್ಲಿಕ್ಕೆ ಆಗುವುದಿಲ್ಲ ಸುಬ್ಬಪ್ಪಣ್ಣ. ನಿಮಗೂ ನನಗೂ ಸಂಬಂಧ ಇಲ್ಲ ಎಂದು ಬರೆದು ಕೊಟ್ಟಿದ್ದೇನೆ."

"ನಮಗೆ ಸಂಬಂಧ ಇಲ್ಲ. ಕೋಳಿಗೂ ನನಗೂ ಉಂಟಲ್ಲ."

ಜೈಲಿಗೆ ನೋಡಲು ಬರುವವರ ಹಾಗೆ ಅವರು ಸರದಿಯಲ್ಲಿ ಬಂದರು, ರಾಗಿ ತಂದರು, ಗೇಟಿನ ಹೊರಗೆ ಕೂತು ತಂತಮ್ಮ ಹುಂಜದ ಆರೋಗ್ಯ ವಿಚಾರಿಸಿದರು. ಒಬ್ಬನ ಹೆಂಡತಿ ನೀಲಾವತಿಯ ಹತ್ತಿರ, ನನಗೆ ಜ್ವರ ಬಂದಾಗ ಈ ಮನುಷ್ಯ ಒಂದು ಸಲವೂ ಹಣೆ ಮುಟ್ಟಿ ನೋಡಿದವನಲ್ಲ ಎಂದಳು. ಯಾರೂ ಬಾರದ ಹುಂಜ ಒಂದೇ, ನಂಬರ್ ಐದು.

ಮಳೆ ಶುರುವಾದ ಮೇಲೆ ಒಕ್ಕಣ್ಣಿನ ಹುಂಜ, ನಂಬರ್ ಎರಡು, ರೋಗ ಬಂದು ಸತ್ತಿತು. ಸತ್ತ ಸರ್ಕಾರಿ ಕೋಳಿಯನ್ನು ಸುಮ್ಮನೆ ಹೂಳುವಂತಿಲ್ಲ. ಲತೇಶ ಕೊಡೆ ಹಿಡಿದು ಬಂದ. ಪಶುವೈದ್ಯರು ಬಂದು ಕೊಯ್ದು ನೋಡಿ ಸಹಜ ಮರಣ ಎಂದು ಬರೆದರು. ನಾಲ್ಕು ಕಡೆಯಿಂದ ಫೋಟೋ ತೆಗೆದರು. ಪಂಚ ಸಾಕ್ಷಿಗಳಾಗಿ ಬಂದಿದ್ದ ಯಾಕೂಬ ಮತ್ತು ಪಕ್ಕದ ಮನೆಯ ದರ್ಜಿ, ಗುಂಡಿಯ ಬದಿಯಲ್ಲಿ ಸಹಿ ಹಾಕಿದರು. ನಮ್ಮೂರಲ್ಲಿ ಎಷ್ಟೋ ಮನುಷ್ಯರು ಇದಕ್ಕಿಂತ ಕಡಿಮೆ ಕಾಗದದಲ್ಲಿ ಹೋಗಿದ್ದಾರೆ ಎಂದು ಯಾಕೂಬ ಹಿಂದಿರುಗುವಾಗ ದರ್ಜಿಗೆ ಹೇಳಿದನಂತೆ.

ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬಂದಳು. ಮೂಡಬಿದಿರೆಯವಳು, ಹೆಸರು ಸುರಕ್ಷಾ, ಪ್ರಾಣಿದಯಾ ಬಳಗವೊಂದರ ಕಾರ್ಯದರ್ಶಿ. ಯಾರೋ ಗೇಟಿನಿಂದ ತೆಗೆದು ಮೊಬೈಲಿನಲ್ಲಿ ಹಾಕಿದ ವೀಡಿಯೊ ನೋಡಿದ್ದಳು. ಗೂಟಕ್ಕೆ ಕಟ್ಟಿದ ಸಾಲು ಹುಂಜಗಳು, ಹಿನ್ನೆಲೆಗೆ ದುಃಖದ ಪಿಟೀಲು. ಅವಳ ಕಣ್ಣಲ್ಲಿ ನಿಜವಾಗಿಯೇ ನೀರಿತ್ತು. ಚೀಲದಿಂದ ಅಳತೆ ಟೇಪು ತೆಗೆದು ಹಗ್ಗ ಅಳೆದಳು.

"ಅಮ್ಮ, ಈ ಹಗ್ಗ ಎಷ್ಟು ಉದ್ದ ಉಂಟು ಗೊತ್ತುಂಟಾ?"

"ಪಕ್ಕದ್ದಕ್ಕೆ ತಾಗದಷ್ಟು."

"ಒಂದೂವರೆ ಅಡಿ. ಇದು ಹಿಂಸೆ. ಕಾನೂನಿನಲ್ಲಿ ಉಂಟು."

"ಮೂರು ಅಡಿ ಮಾಡಿದ್ರೆ ಅಂಕ ಆಗ್ತದೆ ಮಗಾ. ಅದೂ ಕಾನೂನಿನಲ್ಲಿ ಉಂಟು."

"ಬೇರೆ ಬೇರೆ ಗೂಡು ಮಾಡ್ಬಹುದಲ್ಲ?"

"ಮಾಡ್ಬಹುದು. ನನ್ನ ಹೇಂಟೆಗಳನ್ನು ನೀವು ಇಟ್ಟುಕೊಳ್ತೀರಾ ಅಷ್ಟರವರೆಗೆ?"

ಸುರಕ್ಷಾ ಬಾಡಿಗೆ ಮನೆಯಲ್ಲಿ ಮೂರನೇ ಮಹಡಿಯಲ್ಲಿದ್ದಳು. ನೀಲಾವತಿ ಚಹಾ ಕೊಟ್ಟಳು. ಹಾಲು ಹಾಕಿದ್ದನ್ನು ಕುಡಿಯುವುದಿಲ್ಲ ಎಂದದ್ದಕ್ಕೆ ಹಾಲಿಲ್ಲದ ಚಹಾ ಕೊಟ್ಟಳು. ಅದನ್ನು ಕುಡಿದು, ಥ್ಯಾಂಕ್ಸ್ ಹೇಳಿ ಹೋದ ಹುಡುಗಿ ಸಂಜೆಯೊಳಗೆ ದೂರು ಕಳಿಸಿದಳು. ದೂರಿನಲ್ಲಿ ಹೆಸರು ಹಾಕಲು ಬೇರೆ ಯಾರೂ ಇರಲಿಲ್ಲ. ಹುಂಜಗಳು ಇದ್ದದ್ದು ನೀಲಾವತಿಯ ವಶದಲ್ಲಿ.

ವಾರ ಬಿಟ್ಟು ಲತೇಶ ಟೋಪಿ ಕೈಯಲ್ಲಿ ಹಿಡಿದು ಬಂದ.

"ನೀಲಕ್ಕ, ಬೇಜಾರು ಮಾಡ್ಬೇಡಿ. ನಿಮ್ಮ ಮೇಲೆ ಒಂದು ಕೇಸು ಆಗಿದೆ."

"ಎಂಥ ಕೇಸು?"

"ಕೋಳಿಗೆ ಹಿಂಸೆ ಕೊಟ್ಟದ್ದು."

"ಯಾರ ಕೋಳಿಗೆ?"

"ಸರ್ಕಾರದ ಕೋಳಿಗೆ."

ನೀಲಾವತಿ ಜಗಲಿಯಲ್ಲಿ ಕೂತಳು. ಅವಳು ಅಳುವವಳಲ್ಲ, ಆದರೆ ಅವತ್ತು ಬಸ್ಸಿಗೆ ಹೋಗಲಿಲ್ಲ. ಯಾಕೂಬನ ಅಂಗಡಿಗೆ ಆ ವಾರ ಮೊಟ್ಟೆ ಇಲ್ಲ. ಚಿನ್ನಯ್ಯ ಸುತ್ತಮುತ್ತ ಸುಳಿದ, ನೀರು ತಂದುಕೊಟ್ಟ. ಮಾರನೇ ದಿನ ಬೆಳಗ್ಗೆ ಎದ್ದವಳೇ ಒಂದು ಉದ್ದ ಹಗ್ಗ ತಂದು ಅವನ ಕೈಗೆ ಕೊಟ್ಟಳು.

"ಅವುಗಳಿಗೆ ನಡೆದಾಡ್ಲಿಕ್ಕೆ ಅವಕಾಶ ಕೊಡ್ಬೇಕಂತೆ. ಒಂದೊಂದಕ್ಕೆ ಒಂದು ಗಂಟೆ. ಆರು ಉಂಟು. ಹೊರಡಿ."

ಅಂದಿನಿಂದ ಚಿನ್ನಯ್ಯ ಬೆಳಗ್ಗೆ ಆರಕ್ಕೆ ಮೊದಲ ಹುಂಜವನ್ನು ಹಗ್ಗದಲ್ಲಿ ಹಿಡಿದು ಡಾಂಬರು ರಸ್ತೆಗಿಳಿಯುತ್ತಿದ್ದ. ಮಧ್ಯಾಹ್ನ ಹನ್ನೆರಡಕ್ಕೆ ಕೊನೆಯದನ್ನು ತಂದು ಕಟ್ಟುತ್ತಿದ್ದ. ಮೂಡಬಿದಿರೆಗೆ ಹೋಗುವ ಕಾಲೇಜು ಮಕ್ಕಳು ಬಸ್ಸಿನ ಕಿಟಕಿಯಿಂದ ಕೈಬೀಸುತ್ತಿದ್ದರು. ಕೋಳಿ ನಿಂತರೆ ನಿಲ್ಲಬೇಕು, ಕೆದಕಿದರೆ ಕಾಯಬೇಕು. ಪ್ರಾಣಿಹಿಂಸೆಗೆ ಸರ್ಕಾರ ಇಟ್ಟ ಯಾವ ಶಿಕ್ಷೆಯೂ ಇದರ ಹತ್ತಿರ ಬರುವಂಥದ್ದಲ್ಲ. ಅವನು ಒಂದು ದಿನವೂ ತಪ್ಪಿಸಲಿಲ್ಲ. ನೋಡಿ ಬಹಳ ಸಂತೋಷಪಟ್ಟವನು ಸುಬ್ಬಪ್ಪ. ಹುಂಜಗಳ ತೊಡೆ ಕಲ್ಲಿನ ಹಾಗಾಗಿದೆ, ಇಂಥ ವ್ಯಾಯಾಮ ನಾನೂ ಕೊಟ್ಟವನಲ್ಲ ಎಂದ.

ನೀಲಾವತಿಗೆ ಉಚಿತ ಕಾನೂನು ನೆರವಿನಿಂದ ದೀಪಶ್ರೀ ಎಂಬ ಎಳೆಯ ವಕೀಲೆ ಸಿಕ್ಕಿದಳು. ಕೋರ್ಟಿನ ಜಗಲಿಯಲ್ಲಿ ಅವಳು ವಿಷಯ ಬಿಡಿಸಿ ಹೇಳಿದಳು.

"ತಪ್ಪು ಒಪ್ಪಿಕೊಂಡ್ರೆ ಇವತ್ತೇ ಮುಗೀತದೆ ಅಮ್ಮ. ಮೊದಲ ಸಲಕ್ಕೆ ಐವತ್ತು ರೂಪಾಯಿಗಿಂತ ಜಾಸ್ತಿ ದಂಡ ಹಾಕ್ಲಿಕ್ಕೇ ಬರುವುದಿಲ್ಲ."

"ಐವತ್ತಾ?"

"ಸಾವಿರದ ಒಂಬೈನೂರ ಅರವತ್ತರ ಕಾನೂನು. ಆಗ ಐವತ್ತಕ್ಕೆ ಬೆಲೆ ಇತ್ತು. ಆಮೇಲೆ ಎಲ್ಲದರ ಬೆಲೆ ಏರಿತು, ಇದರದ್ದು ಏರಿಸ್ಲಿಕ್ಕೆ ಮರ್ತು ಹೋಯ್ತು."

"ಹಾಗಾದ್ರೆ ಕಾಲಿಗೆ ಬಾಳು ಕಟ್ಟಿ ಕೊಲ್ಲಿಸಿದವರಿಗೆ?"

"ಈ ಕಾನೂನಿನಲ್ಲಿ ಅವರಿಗೂ ಅಷ್ಟೇ. ಸಾಬೀತಾದ್ರೆ."

ನೀಲಾವತಿಗೆ ಅಲ್ಲಿಯವರೆಗೆ ಇದ್ದದ್ದು ನಾಚಿಕೆ. ಈಗ ಕೋಪ ಬಂತು. ಅವಳ ಒಂದು ಡಜನ್ ಮೊಟ್ಟೆಗೆ ಅದಕ್ಕಿಂತ ಹೆಚ್ಚು ಬೆಲೆ ಇತ್ತು.

ಮ್ಯಾಜಿಸ್ಟ್ರೇಟರು ಶಾಂತ ಸ್ವಭಾವದ ಹೆಂಗಸು. ಗಿಡ್ಡ ಹಗ್ಗದಲ್ಲಿ ಬಹಳ ಕಾಲ ಕಟ್ಟಿಹಾಕಿದ ಆರೋಪವನ್ನು ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದರು.

"ಕಟ್ಟಿದ್ದು ಹೌದು. ಬಿಟ್ರೆ ಕಚ್ಚಿ ಸಾಯ್ತಿದ್ದವು. ಸತ್ರೆ ಜೀವಂತ ಹಾಜರುಪಡಿಸ್ಲಿಲ್ಲ ಎಂದು ನೀವು ಕೇಳ್ತಿದ್ರಿ."

"ಒಪ್ಪುತ್ತೀರಿ ಎಂದು ಬರೆದುಕೊಳ್ಳಬಹುದೇ?"

"ಬರೆದುಕೊಳ್ಳಿ. ಇನ್ನೊಂದು ಹೇಳ್ಲಿಕ್ಕೆ ಉಂಟು. ಆ ಏಳರಲ್ಲಿ ಐದನೇ ಹುಂಜ ನನ್ನದು. ಅದನ್ನು ಅಂಕಕ್ಕೆ ತಕ್ಕೊಂಡು ಹೋದದ್ದು ನನ್ನ ಗಂಡ. ಅವತ್ತು ಓಡಿ ಬಂದವರಲ್ಲಿ ಅವರೂ ಇದ್ದರು. ನಾನು ಹೇಳದೆ ಸಹಿ ಹಾಕಿದ್ದು ತಪ್ಪು. ಅದಕ್ಕೆ ಬೇಕಾದ್ರೆ ದಂಡ ಹಾಕಿ, ಹಗ್ಗಕ್ಕೆ ಬೇಡ."

ದೀಪಶ್ರೀ ಕಪ್ಪು ಕೋಟಿನ ತೋಳು ಕಚ್ಚಿದಳು. ಹಿಂದಿನ ಬೆಂಚಿನಲ್ಲಿ ಚಿನ್ನಯ್ಯ ಕೊಡೆಯ ಹಿಂದೆ ಸಣ್ಣಗಾದ. ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ಆ ಕೇಸು ಇವತ್ತು ನನ್ನ ಎದುರಿಗಿಲ್ಲಮ್ಮ. ಇವತ್ತಿನದು ಹಗ್ಗದ್ದು ಮಾತ್ರ. ಬೇರೆಯದನ್ನು ಇದರಲ್ಲಿ ಬರೆದುಕೊಳ್ಳಲು ಬರುವುದಿಲ್ಲ."

ಎರಡೂ ಕೇಸುಗಳಲ್ಲಿ ಅಷ್ಟು ಹೊತ್ತಿಗೆ ಹನ್ನೊಂದು ಜನ ಹೇಳಿಕೆ ಕೊಟ್ಟಿದ್ದರು. ನಿಜವನ್ನು ಕೇಳದೆಯೇ ಹೇಳಿದವಳು ಅವಳೊಬ್ಬಳು, ಅದು ದಾಖಲಾಗಲಿಲ್ಲ. ಐವತ್ತು ರೂಪಾಯಿ ದಂಡ ಕಟ್ಟಿ ರಸೀದಿ ಕೇಳಿ ಪಡೆದಳು.

ಬಸ್ ನಿಲ್ದಾಣದಲ್ಲಿ ಚಿನ್ನಯ್ಯ ಬಾಯಿ ಬಿಟ್ಟ. "ಅಷ್ಟು ಜನರ ಎದುರು ನನ್ನ ಹೆಸರು ಯಾಕೆ ಹೇಳಿದ್ದು?"

"ಹೆಸರು ಹೇಳ್ಲಿಲ್ಲ. ಗಂಡ ಎಂದೆ. ನಿಮ್ಮ ಹೆಸರು ಹೇಳುವ ಅಭ್ಯಾಸ ನನಗಿಲ್ಲ."

ಆ ಕಡೆ ಎಂಟು ಆರೋಪಿಗಳು ಸೇರಿ ದೊಡ್ಡ ಕೋರ್ಟಿಗೆ ಹೋಗಿದ್ದರು. ಇಂಥ ಕೇಸು ದಾಖಲಿಸುವ ಮೊದಲು ಪೊಲೀಸರು ಅನುಮತಿ ತೆಗೆದುಕೊಳ್ಳಬೇಕಂತೆ. ತೆಗೆದುಕೊಂಡಿದ್ದರು, ಆದರೆ ಕಾಗದದಲ್ಲಿ 'ಅನುಮತಿಸಿದೆ' ಎಂದು ಒಂದೇ ಶಬ್ದ ಇತ್ತು, ಯಾಕೆ ಎಂದು ಬರೆದಿರಲಿಲ್ಲ. ಆ ಒಂದು ಕಾರಣಕ್ಕೆ ಮರುವರ್ಷದ ಏಪ್ರಿಲಿನಲ್ಲಿ ಕೇಸು ರದ್ದಾಯಿತು. ಎಂಟು ಜನ ನಿರ್ದೋಷಿಗಳಾಗಿ ಊರಿಗೆ ಮರಳಿದರು. ಐವರು ಬಂದು ಐದು ಹುಂಜಗಳನ್ನು ಒಯ್ದರು. ಹದಿನಾಲ್ಕು ತಿಂಗಳು ಸಾಕಿದ್ದಕ್ಕೆ ಸುಬ್ಬಪ್ಪ ನೀಲಾವತಿಗೆ ಕೈಮುಗಿದ.

ಉಳಿದದ್ದು ನಂಬರ್ ಐದು. ಲತೇಶ ತಲೆ ಕೆರೆದುಕೊಂಡ.

"ಇದಕ್ಕೆ ವಾರಸುದಾರರಿಲ್ಲ. ಹರಾಜು ಹಾಕ್ಬೇಕು."

"ಅದು ನನ್ನ ಕೋಳಿ ಎಂದು ಕೋರ್ಟಿನಲ್ಲೇ ಹೇಳಿದ್ದೇನಲ್ಲ."

"ಕೇಸಿನಲ್ಲಿ ಹೆಸರಿಲ್ಲದವರಿಗೆ ಕೊಡ್ಲಿಕ್ಕೆ ಆಗುವುದಿಲ್ಲ ನೀಲಕ್ಕ. ಚಿನ್ನಯ್ಯಣ್ಣ ಆವತ್ತು ಸಿಕ್ಕಿಬಿದ್ದಿದ್ರೆ ಸುಲಭ ಇತ್ತು."

ಹರಾಜಿನ ದಿನ ಠಾಣೆಯ ಅಂಗಳದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ವ್ಯಾಯಾಮದ 'ಸರ್ಕಾರಿ ಹುಂಜ'ದ ಸುದ್ದಿ ಬಂಟ್ವಾಳದವರೆಗೆ ಹೋಗಿತ್ತು. ನೀಲಾವತಿ ಅಂಗಳದ ಮಧ್ಯಕ್ಕೆ ಬಂದು ಮೊದಲ ಕರೆ ಕೂಗಿದಳು. ಬರೆದುಕೊಳ್ಳುತ್ತಿದ್ದ ಲತೇಶ ನಿಯಮದ ಹಾಳೆಯನ್ನು ಇನ್ನೊಮ್ಮೆ ಓದಿದ. ಅವನ ಮುಖ ಸಪ್ಪೆಯಾಯಿತು.

"ನೀಲಕ್ಕ, ಒಂದು ತೊಂದರೆ ಉಂಟು. ಪ್ರಾಣಿಹಿಂಸೆಯಲ್ಲಿ ಶಿಕ್ಷೆ ಆದವರಿಗೆ ಕೊಡುವ ಹಾಗಿಲ್ಲ ಎಂದು ಬರೆದಿದ್ದಾರೆ."

ಅಲ್ಲಿ ನಿಂತವರಲ್ಲಿ ಆರು ಜನ ಕೋರೆಯಲ್ಲಿ ಸಿಕ್ಕಿದವರು, ಉಳಿದವರು ಸಿಗದವರು. ಎಲ್ಲರ ದಾಖಲೆಯೂ ತೊಳೆದಷ್ಟು ಸ್ವಚ್ಛ. ಶಿಕ್ಷೆಯಾದವಳು ಅವಳೊಬ್ಬಳೇ. ಸುಬ್ಬಪ್ಪನ ತಂಗಿಯ ಮಗ ಶ್ರವಣ್ ಕರೆ ಏರಿಸಿದ. ಲತೇಶ ಒಂದು ಸಲ, ಎರಡು ಸಲ ಎಂದ. ಆಗ ಹಿಂದಿನಿಂದ ಒಂದು ಸ್ವರ ಬಂತು.

"ನಾನು ತಕ್ಕೊಳ್ತೇನೆ."

ಜನ ತಿರುಗಿ ನೋಡಿದರು. ಚಿನ್ನಯ್ಯ. ಅವನ ಸ್ವರ ಹೀಗಿದೆ ಎಂದು ಕೆಲವರಿಗೆ ಅವತ್ತೇ ಗೊತ್ತಾದದ್ದು.

"ಇವರಿಗೆ ಹೇಗೆ ಕೊಡುವುದು?" ಎಂದ ಶ್ರವಣ್. "ಇದನ್ನು ಕೋರೆಗೆ ತಂದದ್ದೇ ಇವರಲ್ವಾ?"

"ಹೌದು" ಎಂದ ಚಿನ್ನಯ್ಯ. "ತಂದದ್ದು ನಾನೇ. ಆಸ್ಪತ್ರೆಗೆ ಎಂದು ಮನೆಯಲ್ಲಿ ಸುಳ್ಳು ಹೇಳಿ ತಂದೆ. ಜೀಪು ಬಂದದ್ದು ನೋಡಿ ಕೋಳಿಯನ್ನೂ ಬಿಟ್ಟು ಓಡಿದೆ. ಅದಕ್ಕೆ ದಂಡ ಕಟ್ಟಿದ್ದು ಇವಳು. ಬರೆದುಕೊಳ್ಳಿ ಲತೇಶಣ್ಣ."

ಲತೇಶ ಪೆನ್ನನ್ನು ಹಾಳೆಯ ಮೇಲೆ ಹಿಡಿದು ಮೇಲಿಂದ ಕೆಳಗೆ ಜಾಗ ಹುಡುಕಿದ.

"ಎಲ್ಲಿ ಬರೆಯುವುದು ಚಿನ್ನಯ್ಯಣ್ಣ? ಕೇಸೇ ಇಲ್ಲ ಈಗ. ದಾಖಲೆಯ ಪ್ರಕಾರ ನೀವು ಜಾಮೀನು ನಿಂತ ಗೌರವಸ್ಥರು."

ಶ್ರವಣ್ ಮತ್ತೆ ಬಾಯಿ ತೆರೆದ. ಸುಬ್ಬಪ್ಪ ಅವನ ಭುಜದ ಮೇಲೆ ಕೈಯಿಟ್ಟು, "ಸಾಕು ಮಾರಾಯ, ಅವನು ಕೊಂಡು ಹೋಗಲಿ" ಎಂದ. ಮತ್ತೆ ಯಾರೂ ಕರೆ ಏರಿಸಲಿಲ್ಲ. ಈ ಹುಂಜವನ್ನು ಯಾವತ್ತೂ ಅಂಕಕ್ಕೆ ಬಳಸುವುದಿಲ್ಲ ಎಂಬ ಕಾಗದಕ್ಕೆ ಚಿನ್ನಯ್ಯ ಸಹಿ ಹಾಕಿ, ಕೋಳಿಯನ್ನು ಪಡೆದ. ಅದೇ ಕಾಗದದ ಇನ್ನೊಂದು ಪ್ರತಿಯನ್ನು ಸುಬ್ಬಪ್ಪನೂ ಅವನ ಸಂಗಡಿಗರೂ ಹಿಂದಿನ ವಾರ ಸಹಿ ಹಾಕಿ ಕೊಟ್ಟಿದ್ದರು. ಭಾನುವಾರ ಕೋರೆಯಲ್ಲಿ ಐದು ಹುಂಜಗಳೂ ಗೆದ್ದವಂತೆ.

ಬಸ್ಸಿನಲ್ಲಿ ನೀಲಾವತಿಗೆ ಕಿಟಕಿಯ ಹತ್ತಿರ ಜಾಗ ಸಿಕ್ಕಿತು. ಪಕ್ಕದಲ್ಲಿ ಚಿನ್ನಯ್ಯ, ಅವನ ಮಡಿಲಲ್ಲಿ ಚೀಲ, ಚೀಲದಿಂದ ಹೊರಗೆ ಹುಂಜದ ತಲೆ. ವೇಣೂರು ದಾಟಿದ ಮೇಲೆ ಅವಳು, ಹೊಟ್ಟೆಗೆ ಏನಾದರೂ ತಿಂದಿದ್ದೀರಾ ಎಂದು ಕೇಳಿದಳು. ಇಲ್ಲ ಎಂದ. ಮನೆಗೆ ಹೋಗಿ ಮೊಟ್ಟೆ ಹುರಿದು ಕೊಟ್ಟಳು, ಉಪ್ಪಿನಕಾಯಿಯನ್ನೂ ಬಡಿಸಿದಳು.

ಹುಂಜ ಈಗ ಹೇಂಟೆಗಳ ಜೊತೆ ಗೂಡಿನಲ್ಲಿದೆ. ಸುರಕ್ಷಾ ಒಮ್ಮೆ ಬಂದು ನೋಡಿ, ದೂರು ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಹಾಲಿಲ್ಲದ ಚಹಾ ಕುಡಿದು ಹೋದಳು. ಕಾಗದದ ಪ್ರಕಾರ ಕೋಳಿಯ ಒಡೆಯ ಚಿನ್ನಯ್ಯ. ಸಂಜೆ ಅದು ಗೂಡಿಗೆ ಹೋಗದೆ ಹಟ ಹಿಡಿದರೆ ನೀಲಾವತಿ ಅಡುಗೆಮನೆಯಿಂದಲೇ ಕೂಗುತ್ತಾಳೆ, "ನಿಮ್ಮ ಕೋಳಿಯನ್ನು ಒಳಗೆ ಹಾಕಿ, ಕತ್ತಲಾಯ್ತು." ಅವನು ಎದ್ದು ಹೋಗಿ ಹಾಕುತ್ತಾನೆ.